ಮೈ ಝಾಡಿಸದ ಹೋತ

ಐತವಾರ ಬೆಳಿಗ್ಗೆ ಸಿಂಧನೂರಾಗ ಹುಸೇನಪ್ಪನ್ನ ಹುಡುಕೋದೇನು ದೊಡ್ಡ ಕೆಲಸಲ್ಲ. ಒಂಬತ್ತೂವರಿ ತನಕ ರಹಮಾನಸಾಬರ ಮಟನ್ ಅಂಗಡ್ಯಾಗ ಇರ್ತಾನ, ಹತ್ತೂವರಿಗೆ ಚರ್ಚಿನ ಕಟ್ಟಕಡೀ ಬೆಂಚಿನ ಮ್ಯಾಲ ಕುಂತಿರ್ತಾನ. ನಡುವಿನ ಒಂದು ತಾಸು ಎಲ್ಲಿ ಹೋಗಿರ್ತಾನ ಅಂತ ಕೇಳಿದ್ರ ಹೆಂಡ್ತಿ ಯಮನಮ್ಮ ಹೇಳ್ತಾಳ: "ಬಚ್ಚಲದಾಗ! ಮೈ ತಿಕ್ಕೊಂಡಿದ್ದೇ ತಿಕ್ಕೊಂಡಿದ್ದು. ನಮ್ಮನ್ಯಾಗ ಒಂದು ಸಾಬೂನು ವಾರ ದಾಟಿದ್ದು ನಾ ಕಾಣೆ."

ಅಂಗಡ್ಯಾಗ ಕೆಲಸ ಹಂಚಿಕಿ ಆಗೈತಿ. ದೇವರ ಹೆಸರು ಹೇಳಿ ಕೊಯ್ಯೋದು ರಹಮಾನಸಾಬ. ತೂಗಹಾಕಿ ಸುಲಿಯೋದು, ಹೊಟ್ಟಿ ತೆಗಿಯೋದು, ತುಂಡು ಮಾಡೋದು ಹುಸೇನಪ್ಪ. ಇಪ್ಪತ್ತಾರು ವರ್ಷದಾಗ ಇಬ್ಬರ ನಡುವ ಜಗಳ ಆಗಿದ್ರ ಅದು ಚರಬಿ ಸಲುವಾಗಿ ಆಗಿರಬೇಕು ಅಷ್ಟೇ. ಗಿರಾಕಿಗೆ ಚರಬಿ ಜಾಸ್ತಿ ಹಾಕಬ್ಯಾಡ್ರಿ ಅಂತಾನ ಹುಸೇನಪ್ಪ. "ಅರೇ, ಚರಬಿ ಬ್ಯಾಡಾದವರು ಮನಿಗೆ ಹೋಗಿ ಬ್ಯಾಳಿ ಸಾರು ಕುಡೀಲಿ" ಅಂತಾನ ಸಾಬ. ಹುಸೇನಪ್ಪಗ ಈಗ ಅರವತ್ತಕ್ಕ ಎರಡು ಕಮ್ಮಿ. ಕೈ ಇನ್ನೂ ನಡಗಾಂಗಿಲ್ಲ, ಒಂದು ಹೋತ ಸುಲಿಯಾಕ ಹನ್ನೆರಡು ನಿಮಿಷ ಸಾಕು, ತೊಗಲಿನ ಮ್ಯಾಲ ಒಂದು ತೂತು ಬೀಳಾಂಗಿಲ್ಲ.

ಹುಟ್ಟಿದ್ದು ಇಲ್ಲೇ ಸಮೀಪದ ಮುಕ್ಕುಂದದಾಗ. ಮೊಹರಂ ಅಲಾಯಿ ದೇವರಿಗೆ ಅವರವ್ವ ಹರಕಿ ಹೊತ್ತು ಹಡದಿದ್ಲು, ಅದಕ್ಕ ಆ ಹೆಸರು. ಊರದೇವತಿ ದ್ಯಾವಮ್ಮನ ಸೇವಾ ಮಾಡೋ ಮನ್ಯಾಗ ಹುಟ್ಟಿ, ಸಾಬರ ಹೆಸರು ಇಟ್ಗೊಂಡು, ಚರ್ಚಿಗೆ ಹೋಗ್ತಾನ. ನಮ್ಮ ಕಡೆ ಇದಕ್ಕ ಯಾರೂ ಹುಬ್ಬು ಏರಸಾಂಗಿಲ್ಲ. ಚರ್ಚಿಗೆ ಯಾಕ ಹೋದಿ ಅಂತ ಕೇಳಿದವರಿಗೆ ಅವ ಒಂದೇ ಮಾತು ಹೇಳ್ತಿದ್ದ. ಅಕ್ಕಿ ಗಿರಣ್ಯಾಗ ಚೀಲ ಹೊರ್ತಿದ್ದ ಕಾಲಕ್ಕ ಅಲ್ಲೊಬ್ಬ ಬೋಧಕರು ಬರ್ತಿದ್ರು. "ಇನ್ನ ಯಾವ ಹೋತಾನೂ ಕೊಯ್ಯೋ ಕೆಲಸಿಲ್ಲ. ದೇವರ ಮಗನೇ ಬಲಿ ಆಗ್ಯಾನ, ಒಂದೇ ಸಲ, ಎಲ್ಲಾರ ಪಾಪದ ಸಲುವಾಗಿ" ಅಂತ ಅವರು ಹೇಳಿದ ದಿನ ಹುಸೇನಪ್ಪ ಅಕ್ಕಿ ಚೀಲದ ಮ್ಯಾಲ ಕುಂತು ಸಣ್ಣ ಹುಡುಗರಂಗ ಅತ್ತಿದ್ದ. ಮಂದಿ ದೊಡ್ಡ ಭಕ್ತಿ ಅಂದ್ರು. ಭಕ್ತಿ ಇತ್ತು, ಸುಳ್ಳಲ್ಲ. ಆದ್ರ ಅಳುವಿಗೆ ಬ್ಯಾರೆ ಕಾರಣಾನೂ ಇತ್ತು, ಅದನ್ನ ಅವ ಯಾರ ಮುಂದೂ ಬಿಚ್ಚಿರಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ತಿಂಗಳ ಮೊದಲನೇ ಐತವಾರ ಚರ್ಚಿನಾಗ ಪ್ರಭುವಿನ ಭೋಜನ. ಪಾಸ್ಟರು ಒಂದು ತುಣುಕು ರೊಟ್ಟಿ ಮುರಿದು ಎಲ್ಲಾರ ಕೈಯಾಗ ಇಡ್ತಾರ, ಒಂದು ಗುಟುಕು ದ್ರಾಕ್ಷಿ ರಸ ಕೊಡ್ತಾರ. ತರೋದು ಬೇಕರಿ ಬ್ರೆಡ್ಡು, ಆದ್ರ ಪ್ರಾರ್ಥನ್ಯಾಗ ಅದನ್ನ ರೊಟ್ಟಿ ಅಂತಾನೇ ಕರೀತಾರ. ಆ ಒಂದು ಐತವಾರ ಹುಸೇನಪ್ಪ ಚರ್ಚಿಗೆ ಬರ್ತಿದ್ದಿಲ್ಲ. "ಅಂಗಡ್ಯಾಗ ಗದ್ದಲ ಭಾಳ" ಅಂತಿದ್ದ. ಇಪ್ಪತ್ತು ವರ್ಷ ಇದೇ ನೆವ. ಯಮನಮ್ಮ ಒಮ್ಮೆ ರೇಗಿ ಕೇಳಿದ್ಲು: "ಅಲ್ರೀ, ಗಿರಾಕಿಗೇನು ಮೊದಲ ಐತವಾರ ಅಂದ್ರ ಡಬಲ್ ಹಸಿವಿ ಆಗ್ತೈತೇನು?" ಹುಸೇನಪ್ಪ ಬಚ್ಚಲಕ್ಕ ಹೋಗಿ ಬಾಗಲಾ ಹಾಕ್ಕೊಂಡ.

ಹಿಂಗ ನಡೆದಿತ್ತು. ಅಷ್ಟರಾಗ ಹೊಸಾ ಪಾಸ್ಟರು ಬಂದ್ರು. ಸುನೀಲ ಅಂತ ಹೆಸರು, ಬೀದರ ಕಡೆಯವರು, ಮೂವತ್ತು ದಾಟಿಲ್ಲ, ಓದಿದ್ದು ಬೇಕಾದಷ್ಟು. ಶುಭ ಶುಕ್ರವಾರದ ಮುಂಚಿನ ದಿನಗಳಾಗ ಬುಧವಾರ ಬುಧವಾರ ಸಂಜಿ ಐದಕ್ಕ ಒಬ್ಬೊಬ್ಬರ ಮನ್ಯಾಗ ವೇದಪಾಠ ಇಡೋಣು ಅಂದ್ರು. ಈ ವರ್ಷದ ಪಾಠ ಏನಪಾ ಅಂದ್ರ, ಮೋಶೆಯ ಕಾಲದಾಗ ಇಸ್ರಾಯೇಲರು ಮಾಡ್ತಿದ್ದ ಬಲಿಗಳು. ಏಸು ಶಿಲುಬಿ ಮ್ಯಾಲ ಸತ್ತದ್ದು ತಿಳೀಬೇಕಾದ್ರ ಮೊದಲ ಆ ಕುರಿ, ಆ ಹೋತ, ಆ ರಕ್ತ ಏನಿತ್ತು ಅಂತ ತಿಳೀಬೇಕು ಅಂದ್ರು. ಮೂರು ಬುಧವಾರಕ್ಕ ಹುಸೇನಪ್ಪನ ಮನಿ ಗೊತ್ತು ಮಾಡಿದ್ರು, ಯಾಕಂದ್ರ ಅವನ ಪಡಸಾಲಿ ದೊಡ್ಡದು.

ಮೊದಲನೇ ಬುಧವಾರ ಭಾರೀ ಮಜಾ ಆತು. ಪಾಸ್ಟರು ಓದಾಕತ್ತಿದ್ರು: ಕರುಳ ಮ್ಯಾಲಿನ ಕೊಬ್ಬು, ಎರಡು ಮೂತ್ರಪಿಂಡ ಅಂದ್ರ ಗುರ್ದಾ, ಗುರ್ದಾದ ಮ್ಯಾಲಿನ ಕೊಬ್ಬು, ಪಿತ್ತಜನಕಾಂಗ ಅಂದ್ರ ಕಲೇಜಿ ಮ್ಯಾಲಿನ ಪದರ, ಇವನ್ನ ಬಲಿಪೀಠದ ಮ್ಯಾಲ ಸುಡಬೇಕು. ಯಾರೋ ಹೆಣ್ಣುಮಗಳು, "ಆ ಪದರ ಅಂದ್ರ ಯಾವುದ್ರೀ?" ಅಂದ್ಲು. ಪಾಸ್ಟರು ಗಡ್ಡ ಕೆರಕೊಂಡ್ರು. ಮಟನ್ ತಿಂದಾರ, ಹೋತ ಬಿಚ್ಚಿದ್ದು ಜನ್ಮದಾಗ ನೋಡಿಲ್ಲ. ಹುಸೇನಪ್ಪ ಹಿಂದಿಂದ ಎದ್ದು ಬಂದ. ಯಾವ ಕೊಬ್ಬು ಜಾಳಿಗಿ ಇದ್ದಂಗ ಇರ್ತೈತಿ, ಯಾವುದು ಗಟ್ಟಿ ಇರ್ತೈತಿ, ಗುರ್ದಾ ಬಿಡಸೋ ಮುಂದ ಚೂರಿ ಎಲ್ಲಿಂದ ಹಾಕಬೇಕು, ತನ್ನ ಸೊಂಟದ ಮ್ಯಾಲೇ ಬೆರಳಿಟ್ಟು ತೋರಿಸಿದ. ಐಬು ಇರೋ ಪ್ರಾಣಿ ದೇವರು ಒಲ್ಲ ಅಂತ ಪಾಸ್ಟರು ಓದಿದಾಗ, ಕುಂಟು ಹೆಂಗ ಮುಚ್ಚಿಡ್ತಾರ, ಕಣ್ಣಿನ ಪೊರಿ ಹೆಂಗ ತಿಳಿತೈತಿ ಅಂತ ಸಂತ್ಯಾಗಿನ ಮೋಸ ಎಲ್ಲಾ ಬಿಚ್ಚಿಟ್ಟ. "ನೀವೇ ಪಾಠ ಮಾಡ್ರಿ ಹುಸೇನಪ್ಪನವರೇ, ನಾ ಬರಕೋತೀನಿ" ಅಂದ್ರು ಪಾಸ್ಟರು. ಯಮನಮ್ಮನ ಮಾರಿ ಅವತ್ತು ನೋಡಬೇಕಿತ್ತು, ಚಹಾಕ್ಕ ಎರಡು ಚಮಚ ಸಕ್ಕರಿ ಜಾಸ್ತಿ ಹಾಕಿದ್ಲು.

ಎರಡನೇ ಬುಧವಾರ ಹುಸೇನಪ್ಪ ಅಷ್ಟು ಮಾತಾಡಲಿಲ್ಲ. ಅವತ್ತು ಬಂದದ್ದು ಅಪರಾಧದ ಬಲಿ. ಒಬ್ಬ ಮನುಷ್ಯ ನೆರೆಯವನಿಗೆ ಮೋಸ ಮಾಡಿ, ಸುಳ್ಳು ಹೇಳಿ, ಏನಾದ್ರ ಕಸಗೊಂಡಿದ್ರ ಸೀದಾ ಟಗರು ಹಿಡಕೊಂಡು ದೇವರ ಮುಂದ ಹೋಗೋಂಗಿಲ್ಲ. ಮೊದಲ ಕಸಗೊಂಡಿದ್ದನ್ನ ಅವನಿಗೆ ಪೂರಾ ತಿರುಗಿ ಕೊಡಬೇಕು, ಅದರ ಮ್ಯಾಲ ಐದನೇ ಒಂದು ಪಾಲು ಕೂಡಿಸಿ ಕೊಡಬೇಕು. ಆಮ್ಯಾಲ ಟಗರು. ಹುಸೇನಪ್ಪ ಕೇಳಿದ: "ಕಸಗೊಂಡಿದ್ದು ರೊಕ್ಕ ಅಲ್ಲ, ದನ ಅಲ್ಲ ಅಂದ್ರ? ತಿರುಗಿ ಕೊಡಾಕ ಬರದಂಥದ್ದು ಇದ್ರ?" ಪಾಸ್ಟರು, "ಚಲೋ ಪ್ರಶ್ನೆ, ಮುಂದಿನ ವಾರ ನೋಡೋಣು" ಅಂದ್ರು. ಓದಿದವರು ಉತ್ತರ ಹೊಳೀದಿದ್ದಾಗ ಹಂಗೇ ಅಂತಾರ.

ಮೂರನೇ ಬುಧವಾರದ ಪಾಠ ವರ್ಷಕ್ಕೊಮ್ಮೆ ಆಗೋ ಎಲ್ಲಾರ ಪ್ರಾಯಶ್ಚಿತ್ತದ್ದು. ಎರಡು ಹೋತ ತರ್ತಿದ್ರಂತ. ಮಹಾಯಾಜಕ ಆರೋನ ಚೀಟಿ ಹಾಕಿ ಒಂದನ್ನ ಆರಿಸ್ತಿದ್ದ, ಅದು ದೇವರಿಗೆ ಬಲಿ. ಇನ್ನೊಂದರ ತಲಿ ಮ್ಯಾಲ ಎರಡೂ ಕೈ ಊರಿ, ಇಡೀ ಜನಾಂಗದ ಪಾಪ ಬಾಯಿಬಿಟ್ಟು ಹೇಳಿ, ಎಲ್ಲಾ ಆ ಹೋತದ ಮ್ಯಾಲ ಹೊರಿಸಿ ಅಡವಿಗೆ ಅಟ್ಟಿಬಿಡ್ತಿದ್ರು. "ನಮ್ಮ ಪ್ರಭು ಈ ಎರಡೂ ಹೋತ ಆದ" ಅಂದ್ರು ಪಾಸ್ಟರು. "ರಕ್ತ ಸುರಿಸಿದಾವನೂ ಅವನೇ, ಎಲ್ಲಾರ ಪಾಪ ಹೊತ್ತು ಊರ ಹೊರಗ ಹೋದಾವನೂ ಅವನೇ. ಪಟ್ಟಣದ ಬಾಗಲಾ ದಾಟಿಸಿ ಹೊರಗ ಒಯ್ದು ಕೊಂದ್ರು. ಆ ಹೋತಗಳು ವರ್ಷ ವರ್ಷ ಬೇಕಾಗ್ತಿದ್ದವು, ಇದು ಒಂದೇ ಸಲ."

ಹುಸೇನಪ್ಪ ಕೇಳಿದ: "ನೀರು ಹಾಕ್ತಿದ್ದಿಲ್ಲೇನ್ರೀ?"

"ಎಂಥಾ ನೀರು?"

"ಹೋತದ ಮ್ಯಾಲ. ದೇವರು ಒಪ್ಪಿದ್ದು ಹೆಂಗ ತಿಳಿತಿತ್ತು?"

"ಇಲ್ಲ, ಚೀಟಿ ಅಷ್ಟೇ. ಕೈ ಹಿಂಗ ಇಡ್ತಿದ್ರು ನೋಡ್ರಿ." ಪಾಸ್ಟರು ಗೋಡಿಗೆ ಆನಿಸಿದ್ದ ಜ್ವಾಳದ ಚೀಲವನ್ನೇ ಹೋತ ಮಾಡಿಕೊಂಡು, ಅದರ ಎರಡೂ ಮೂಲಿ ಮ್ಯಾಲ ಅಂಗೈ ಇಟ್ಟು ಗಟ್ಟಿಯಾಗಿ ಒತ್ತಿದ್ರು.

ಹುಸೇನಪ್ಪ ಆ ಕೈ ನೋಡಿದ. ಚೀಲದ ಎರಡೂ ಮೂಲಿ ಥೇಟ್ ಹೋತದ ಕಿವಿ ಇದ್ದಂಗ ಕಾಣಿಸಿದವು. ಎದ್ದು ಹೊರಗ ಹೋದಾವ ಪಾಠ ಮುಗಿಯೋ ತನಕ ಒಳಗ ಬರಲಿಲ್ಲ.

ಅವನಿಗೆ ನೆನಪಾದದ್ದು ಮೂವತ್ತು ವರ್ಷದ ಹಿಂದಿನ ಮಾತು. ಮುಕ್ಕುಂದದಾಗ ದ್ಯಾವಮ್ಮನ ಮುಂದ ಹರಕಿ ಹೋತ ಕೊಯ್ಯೋ ಪಾಳಿ ಹುಸೇನಪ್ಪನ ಮನಿತನದ್ದು. ಹೋತಕ್ಕ ಅರಿಷಿಣ ನೀರು ಹಾಕಿ ಎಲ್ಲಾರೂ ಕಾಯ್ತಾರ. ಅದು ಮೈ ಝಾಡಿಸಿದ್ರ ದ್ಯಾವಮ್ಮ ಒಪ್ಪಿದ್ಲು. ಮೂರು ಕೊಡ ಹಾಕಿದ್ರೂ ಝಾಡಿಸಲಿಲ್ಲಂದ್ರ ಹರಕಿ ಹೊತ್ತವರಾಗ ಐಬು ಐತಿ ಅಂತ ಅರ್ಥ. ಹುಸೇನಪ್ಪನ ಅಪ್ಪ ಅವನಿಗೆ ಸಣ್ಣಾವಿದ್ದಾಗ ಕಲಿಸಿದ್ದ, ಕಿವ್ಯಾಗ ನಾಕು ಹನಿ ಬೀಳಂಗ ಹಾಕು, ಕೂಡ್ಲೇ ಝಾಡಿಸ್ತೈತಿ, ಮಂದೀನ್ನ ಬಿಸಲಾಗ ನಿಲ್ಲಸಬ್ಯಾಡ ಅಂತ. ಅಪ್ಪ ಅದನ್ನ ಮೋಸ ಅಂತ ತಿಳಿದಿರಲಿಲ್ಲ. ದ್ಯಾವಮ್ಮ ಒಪ್ಪೋದು ಒಪ್ಪೇ ಇರ್ತಾಳ, ನಾವು ಬಾಗಲಾ ತೆಗಿತೀವಿ ಅಷ್ಟೇ ಅಂತಿದ್ದ.

ಗಿರಿಯಮ್ಮ ಆ ಊರಿಗೆ ಸೊಸಿಯಾಗಿ ಬಂದಾಕಿ. ಗಂಡ ಕಾಲುವ್ಯಾಗ ಬಿದ್ದು ಸತ್ತಾಗ ಆಕಿಗೆ ಇಪ್ಪತ್ತೆರಡು, ಬಗಲಾಗ ಎಂಟು ತಿಂಗಳ ಹೆಣ್ಣು ಕೂಸು. ಗಂಡನ ಅಣ್ಣ ಬಸ್ಸಪ್ಪಗ ತಮ್ಮನ ಪಾಲಿನ ಹೊಲ ಬೇಕಾಗಿತ್ತು, ಅದಕ್ಕ ಆಕಿ ಮನಿ ಬಿಟ್ಟು ಹೋಗಬೇಕಾಗಿತ್ತು. ಕಾಲ್ಗುಣ ಸರಿ ಇಲ್ಲ, ಗಂಡನ್ನ ತಿಂದಾಳ ಅಂತ ಸುದ್ದಿ ಹಬ್ಬಿಸಿದ. ಗಿರಿಯಮ್ಮ ಬಾಯಿ ಸತ್ತಾಕಿ ಅಲ್ಲ. "ನಾ ಹೋತ ಬಿಡ್ತೀನಿ. ದ್ಯಾವಮ್ಮನೇ ಹೇಳ್ಲಿ" ಅಂದ್ಲು. ಊರು ಹೂಂ ಅಂತು.

ಹಿಂದಿನ ದಿನ ಮಧ್ಯಾಹ್ನ ಬಸ್ಸಪ್ಪ ಹುಸೇನಪ್ಪನ ಮನಿಗೆ ಬಂದ. ಒಂದು ಬಾಟ್ಲಿ ಸಾರಾಯಿ, ಒಂದು ಹೊಸಾ ಲುಂಗಿ ಇಟ್ಟ. ಹೆಚ್ಚಿಗೇನೂ ಹೇಳಲಿಲ್ಲ. ಹುಸೇನಪ್ಪ ಹೆಚ್ಚಿಗೇನೂ ಕೇಳಲಿಲ್ಲ. ಥೂ, ಮನುಷ್ಯ ಎಷ್ಟಕ್ಕ ಮಾರಿಕೋತಾನ ನೋಡ್ರಿ! ಆ ಲುಂಗಿ ಎರಡು ಸಲ ಒಗ್ಯಾಣಕ್ಕ ಬಣ್ಣ ಬಿಡ್ತು.

ಮರುದಿನ ನೀರನ್ನ ಮೊದಲೇ ಬಿಸಲಾಗ ಇಟ್ಟು ಬೆಚ್ಚಗ ಮಾಡಿದ್ದ. ತಲಿ ಗಟ್ಟಿ ಹಿಡಿದವರಂಗ ಎಡಗೈಲೆ ಹೋತದ ಎರಡೂ ಕಿವಿ ಮಡಚಿ ಒತ್ತಿ ಹಿಡಿದ. ಬಲಗೈಲೆ ಬೆನ್ನಿನ ಮ್ಯಾಲ ಮೆಲ್ಲಕ ನೀರು ಬಿಟ್ಟ. ಒಂದು ಕೊಡ, ಎರಡು ಕೊಡ, ಮೂರು ಕೊಡ. ಹೋತ ಕಲ್ಲಾಗಿ ನಿಂತಿತ್ತು. ಮಂದಿ ಗುಜುಗುಜು ಅಂದ್ರು, ಬೆನ್ನು ತಿರುವಿದ್ರು. ಗಿರಿಯಮ್ಮ ಊರಿಗೆ ಉಣಸಬೇಕಂತ ಬುಟ್ಟಿ ತುಂಬ ರೊಟ್ಟಿ ಬಡಿದು ತಂದಿದ್ಲು. ಕೊಯ್ಯೋನಿಗೆ ಮೊದಲನೇ ತುತ್ತು ಕೊಡೋದು ಪದ್ಧತಿ. ಆಕಿ ಅವನ ಮುಂದ ರೊಟ್ಟಿ ಹಿಡಿದಳು. "ನನಗ ಬ್ಯಾಡ" ಅಂದ ಹುಸೇನಪ್ಪ, ಎಲ್ಲಾರಿಗೂ ಕೇಳೋಂಗ. ಆಮ್ಯಾಲ ಒಬ್ಬರೂ ಆ ಬುಟ್ಟಿ ಮುಟ್ಟಲಿಲ್ಲ. ಹೊತ್ತು ಇಳಿಯೋದ್ರಾಗ ಕೂಸು ಎತ್ತಿಕೊಂಡು ಗಿರಿಯಮ್ಮ ಊರು ಬಿಟ್ಟಿದ್ಲು.

ಅದೇ ವರ್ಷ ಹುಸೇನಪ್ಪನೂ ಪಾಳಿ ಅಣ್ಣಗ ಬಿಟ್ಟು ಸಿಂಧನೂರು ಸೇರಿದ. ಎಂಟು ವರ್ಷದ ಹಿಂದ ಹೋತ ಖರೀದಿಗೆ ಮಸ್ಕಿ ಸಂತಿಗೆ ಹೋದಾಗ ಆಕೀನ್ನ ನೋಡಿದ್ದ, ರೊಟ್ಟಿ ಮಾರಾಕತ್ತಿದ್ಲು. ಅಲ್ಲಿ ಇಲ್ಲಿ ವಿಚಾರಿಸಿದಾಗ ಲಿಂಗಸುಗೂರಾಗ ಇರ್ತಾಳ ಅಂತ ತಿಳೀತು. ವಿಚಾರಿಸಿದ್ದು ಲಾರಿ ಹಿಂದ ಅಡಗಿ ನಿಂತು. ಧೈರ್ಯದ ಗಂಡಸು!

ಗುರುವಾರ ಬೆಳಿಗ್ಗೆ ಬಸ್ಟ್ಯಾಂಡ್ ಹೋಟ್ಲಿನಾಗ ಪಾಸ್ಟರನ್ನ ಕುಂದ್ರಿಸಿಕೊಂಡು ಇದೆಲ್ಲಾ ಹೇಳಿದ. ಪಾಸ್ಟರ ಚಹಾ ಆರಿಹೋತು. "ಪ್ರಭು ಕ್ಷಮಿಸ್ಯಾನ, ಹುಸೇನಪ್ಪನವರೇ. ಶಿಲುಬಿ ಮ್ಯಾಲ ಎಲ್ಲಾ ತೀರೈತಿ" ಅಂದ್ರು.

"ಅವ ಕ್ಷಮಿಸಿರಬಹುದ್ರೀ. ಆಕಿ? ನಾ ಕಸಗೊಂಡಿದ್ದು ಆಕೀದು. ನೀವೇ ಓದಿದ್ರಲ್ಲಾ, ಮೊದಲ ತಿರುಗಿ ಕೊಡು, ಆಮ್ಯಾಲ ಟಗರು ತಗೊಂಡು ಬಾ ಅಂತ. ಟಗರಿನ ಕೆಲಸ ಪ್ರಭು ಮಾಡ್ಯಾನ. ತಿರುಗಿ ಕೊಡೋ ಕೆಲಸಾನೂ ಅವನೇ ಮಾಡ್ಲೇನು?"

ಪಾಸ್ಟರು ಆರಿದ ಚಹಾ ಪಕ್ಕಕ್ಕ ಸರಿಸಿದ್ರು. ಹುಡುಗ ಪ್ರಾಮಾಣಿಕ, ತಿಳೀದಿದ್ದನ್ನ ತಿಳಿದೈತಿ ಅನ್ನಲಿಲ್ಲ. ಕಡೀಕ ಹೇಳಿದ್ರು: "ಪ್ರಭುನೂ ಅದನ್ನೇ ಹೇಳ್ಯಾನ. ಕಾಣಿಕಿ ಹಿಡಕೊಂಡು ಬಂದಾಗ ಯಾರ ಮನಸ್ಸಾದ್ರೂ ನಿನ್ನಿಂದ ನೊಂದೈತಿ ಅಂತ ನೆನಪಾದ್ರ, ಕಾಣಿಕಿ ಅಲ್ಲೇ ಬಿಟ್ಟು ಮೊದಲ ಅವರ ಹತ್ರ ಹೋಗು ಅಂತ. ನೀವು ಮೊದಲ ಐತವಾರ ಯಾಕ ಬರಾಂಗಿಲ್ಲ ಅಂತ ಈಗ ತಿಳೀತು. ಹೋಗಿಬರ್ರಿ."

ರಜಾ ಕೇಳಾಕ ಹೋದಾಗ ರಹಮಾನಸಾಬನ ಮುಂದೂ ಹೇಳಬೇಕಾತು. ಸಾಬ ಚೂರಿ ಮಸೆಯೋದು ನಿಲ್ಲಿಸಿ ಅಂದ: "ನಮ್ಮಲ್ಲೂ ಹಂಗೇ ಐತಿ ಹುಸೇನಪ್ಪ. ಅಲ್ಲಾನ ಹಕ್ಕು ಅಲ್ಲಾ ಮಾಫ್ ಮಾಡ್ತಾನ. ಮನುಷ್ಯಾರ ಹಕ್ಕು ಮನುಷ್ಯಾರೇ ಮಾಫ್ ಮಾಡಬೇಕು. ಹೋಗು, ಅಂಗಡಿ ನಾ ನೋಡ್ಕೋತೀನಿ."

ಮರುದಿನ ಬೆಳಿಗ್ಗೆ ಬಸ್ಸು ಮಸ್ಕಿ ದಾಟೋ ತನಕ ಹುಸೇನಪ್ಪ ಹೇಳೋ ಮಾತು ಬಾಯಾಗೇ ಹೊಂದಿಸಿಕೊಂಡ. ಲಿಂಗಸುಗೂರಾಗ ಇಳಿದಾಗ ಒಂದೂ ನೆನಪಿರಲಿಲ್ಲ.

ಗಿರಿಯಮ್ಮ ತಗಡಿನ ಚಪ್ಪರದಾಗ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ತಿದ್ಲು. ಕೂದಲು ಪೂರಾ ಬೆಳ್ಳಗಾಗ್ಯಾವ, ಕೈ ಮಾತ್ರ ಮಷಿನ್ ಇದ್ದಂಗ. ಅವತ್ತಿನ ಎಂಟು ತಿಂಗಳ ಕೂಸು ನಂದಿನಿ, ಈಗ ಸರ್ಕಾರಿ ಕಚೇರ್ಯಾಗ ಕೆಲಸ ಮಾಡಾಕಿ, ಡ್ಯೂಟಿಗೆ ಹೋಗಾಕ ಚಪ್ಲಿ ಹಾಕ್ಕೊಳ್ಳಾಕತ್ತಿದ್ಲು. ಗಿರಿಯಮ್ಮ ಒಮ್ಮೆ ತಲಿ ಎತ್ತಿ ನೋಡಿದ್ಲು. ಗುರುತು ಹತ್ತಾಕ ಒಂದು ಗಳಿಗಿ ಸೈತ ಬೇಕಾಗಲಿಲ್ಲ.

"ಹುಸೇನಪ್ಪ ಏನು. ಬಾ. ಏನು ಬಂದಿದ್ದು?"

ಅವ ಕುಂದ್ರಲಿಲ್ಲ. ನಿಂತೇ ಹೇಳಾಕ ಶುರು ಮಾಡಿದ. ಬಸ್ಸಪ್ಪ ಬಂದದ್ದು ಹೇಳಿದ, ಸಾರಾಯಿ ಹೇಳಿದ, ಲುಂಗಿ ಹೇಳಿದ. ಗಿರಿಯಮ್ಮನ ಕೈ ಪಟಪಟ ಬಡಿಯಾಕತ್ತೇ ಇತ್ತು. "ನಾ ಕಿವಿ ಒತ್ತಿ ಹಿಡಿದಿದ್ದೆ ಯವ್ವಾ" ಅಂದಾಗ ಆ ಸಪ್ಪಳ ನಿಂತು ಹೋತು. ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೊಗಿ ಎದ್ದಿತು. ನಂದಿನಿ ಓಡಿ ಬಂದು ಅದನ್ನ ತೆಗೆದು ಒಗೆದ್ಲು. "ನಡೀರಿ ಹೊರಗ! ಈಗ ಬಂದು ಹೇಳ್ತೀರಿ? ನಮ್ಮವ್ವ ಮಂದಿ ಮನಿ ಮುಸುರಿ ತಿಕ್ಕಿ ನನ್ನ ಓದಿಸ್ಯಾಳ" ಅಂತ ಚೀರಿದ್ಲು.

"ನೀ ಸುಮ್ಮಿರು" ಅಂದ್ಲು ಗಿರಿಯಮ್ಮ. ಹುಸೇನಪ್ಪಗ ಕೇಳಿದ್ಲು: "ಈಗ್ಯಾಕ ಬಂದಿ?"

ಅವ ಮೋಶೆಯ ಕಾಲದ ಪದ್ಧತಿ ಹೇಳಿದ, ಪೂರಾ ತಿರುಗಿ ಕೊಟ್ಟು ಮ್ಯಾಲ ಐದನೇ ಪಾಲು ಕೊಡಬೇಕು ಅನ್ನೋದು ಹೇಳಿದ. ಗಿರಿಯಮ್ಮ ಕೇಳಿ ನಕ್ಕಳು, ಚಲೋ ನಗಿ ಅಲ್ಲ. "ಮೂವತ್ತು ವರ್ಷ ತಿರುಗಿ ಕೊಡ್ತೀಯೇನು? ಎಲ್ಲಿಟ್ಟಿ, ಚೀಲದಾಗೇನು?" ಆಮ್ಯಾಲ, "ಇದನ್ನ ಯಾರ್ಯಾರ ಮುಂದ ಹೇಳೀದಿ?" ಅಂದ್ಲು.

"ಪಾಸ್ಟರಿಗೆ. ರಹಮಾನಸಾಬಗ. ಮನ್ಯಾಗ ಹೆಂಡ್ತಿಗೆ."

"ನನ್ನ ಊರು ಬಿಡಿಸಿದವರು ಅವರೇನು?"

"ಅಲ್ಲ" ಅಂದ ಹುಸೇನಪ್ಪ.

"ಊರ ಮುಂದ ಹೊರಗ ಹಾಕಿದ್ರಿ. ಹೇಳೋದಿದ್ರ ಊರ ಮುಂದ ಹೇಳು. ಮಂಗಳವಾರ ದ್ಯಾವಮ್ಮನ ವಾರ, ಕಟ್ಟಿ ಹತ್ರ ಮಂದಿ ಇರ್ತಾರ. ನಾನೂ ಬರ್ತೀನಿ. ಆಗಾಂಗಿಲ್ಲಂದ್ರ ಇಲ್ಲಿ ನಿಂತು ಕಣ್ಣೀರು ಹಾಕಬ್ಯಾಡ, ನನ್ನ ಹಿಟ್ಟು ಒಣಗಾಕತ್ತೈತಿ."

ಆ ನಾಕು ದಿನ ಹುಸೇನಪ್ಪ ಪಟ್ಟ ಪಾಡು ಕೇಳಬ್ಯಾಡ್ರಿ. ಹೇಳಿದ್ರ ಏನಾಗ್ತೈತಿ ಅಂತ ಅವನಿಗೆ ಗೊತ್ತಿತ್ತು. ಕಿರಿಸ್ತಾನ ಆದಾವ ಬಂದು ನಮ್ಮ ದ್ಯಾವಮ್ಮನ ಮರ್ಯಾದಿ ತೆಗೆದ ಅಂತಾರ. ಸಿಟ್ಟು ಚರ್ಚಿನ ಮ್ಯಾಲೂ ಬೀಳಬಹುದು. ಕೊಯ್ಯೋ ಪಾಳಿ ಈಗ ಅಣ್ಣನ ಮಗನ ಕೈಯಾಗ ಐತಿ, ಆ ಮನಿತನದ ಹೆಸರು ಮಣ್ಣು ಪಾಲು. ಹೇಳದಿ‌ದ್ರ? ಹೇಳದಿದ್ರ ಇನ್ನ ಯಾವ ಐತವಾರಾನೂ ಆ ಬೆಂಚಿನ ಮ್ಯಾಲ ಕುಂದ್ರಾಕ ಆಗಾಂಗಿಲ್ಲ. ಸೋಮವಾರ ಅವನ ಕೈ ಜಾರಿ ತೊಗಲಿಗೆ ತೂತು ಬಿತ್ತು. ಮನ್ಯಾಗ ಯಮನಮ್ಮ ಮಾರಿ ನೋಡೇ ತಿಳಕೊಂಡ್ಲು. "ಹೋಗ್ರಿ ಸುಮ್ನ. ಬಡದ್ರ ಬಡೀಲಿ, ಬಂದ ಮ್ಯಾಲ ಅರಿಷಿಣ ಹಚ್ತೀನಿ" ಅಂದ್ಲು. ಗಂಡಗ ಕಾಣದಂಗ ಒಳಗ ಹೋಗಿ ಅತ್ತಳು.

ಮಂಗಳವಾರ ಬೆಳಿಗ್ಗೆ ಹತ್ತಕ್ಕ ಹುಸೇನಪ್ಪ ಮುಕ್ಕುಂದದಾಗ ಇಳಿದ. ಹೊಟ್ಟಿಗೆ ಏನೂ ಹಾಕ್ಕೊಂಡಿರಲಿಲ್ಲ. ಗಿರಿಯಮ್ಮ, ನಂದಿನಿ ಮೊದಲೇ ಬಂದು ಬೇವಿನ ಗಿಡದ ಕೆಳಗ ನಿಂತಿದ್ರು. ಗಿರಿಯಮ್ಮನ ಬಗಲಾಗ ಒಂದು ಅರಿವಿ ಗಂಟು. ಈ ಊರ ನೀರು ಸೈತ ಕುಡಿಯಾಂಗಿಲ್ಲ ಅಂತ ಬುತ್ತಿ, ನೀರು ಲಿಂಗಸುಗೂರಿಂದಾನೇ ಕಟಗೊಂಡು ಬಂದಿದ್ಲು. ಕಟ್ಟಿ ಮ್ಯಾಲ ಮೂವತ್ತು ನಲವತ್ತು ಮಂದಿ. ನಡುವ ಬಸ್ಸಪ್ಪ ಬಡಗಿ ಊರಿಕೊಂಡು ಕುಂತಿದ್ದ. ಎಂಬತ್ತರ ಹತ್ರ ವಯಸ್ಸು, ಕಣ್ಣು ಇನ್ನೂ ಚುರುಕು. ಗಿರಿಯಮ್ಮನ್ನ ನೋಡಿ ಆ ಕಣ್ಣು ಸಣ್ಣಗಾದವು.

ಹುಸೇನಪ್ಪ ಕಟ್ಟಿ ಕೆಳಗ ನಿಂತು ಕೈ ಮುಗಿದ. "ಕೂಡಿದ ದೈವಕ್ಕ, ನಿಮಗೆಲ್ಲಾರಿಗೂ ಒಂದು ಮಾತು ಹೇಳೋದೈತಿ. ನಾ ಚರ್ಚಿಗೆ ಹೋಗಾವ, ನಿಮಗ ಗೊತ್ತೈತಿ. ದ್ಯಾವಮ್ಮನ್ನ ಬಯ್ಯಾಕ ಬಂದಿಲ್ಲ. ಅವತ್ತು ದ್ಯಾವಮ್ಮ ಒಲ್ಲೆ ಅನ್ನಲಿಲ್ಲ. ಆಕಿ ಬಾಯಿ ನಾ ಒತ್ತಿ ಹಿಡಿದಿದ್ದೆ." ಅಲ್ಲಿಂದ ಎಲ್ಲಾ ಹೇಳಿದ. ಬೆಚ್ಚನ್ನ ನೀರು, ಎಡಗೈ, ಲುಂಗಿ, ಬಾಟ್ಲಿ. ತಂದು ಕೊಟ್ಟಾವನ ಹೆಸರೂ ಬಿಡಲಿಲ್ಲ.

"ಯಾವ ಲುಂಗಿ? ಯಾವ ಬಾಟ್ಲಿ? ತಲಿ ಕೆಟ್ಟೈತಿ ಇವಂಗ!" ಬಸ್ಸಪ್ಪ ಬಡಗಿ ಕುಟ್ಟಿದ. ಇನ್ನೊಬ್ಬ ಎದ್ದು ನಿಂತು, "ಮೂರು ಕೊಡ ಹಾಕಿದ್ದು ನಾವೇ ಕಣ್ಣಾರೆ ನೋಡೀವಲ್ಲೋ" ಅಂದ. "ಆಕಿ ಏನು ಕೊಟ್ಟು ಹೇಳಿಸಾಕತ್ತಾಳೋ" ಅಂತ ಹಿಂದಿಂದ ಒಂದು ದನಿ ಬಂತು. ಗದ್ದಲ ಏರಾಕತ್ತಿತು. ನಂದಿನಿ ಅವ್ವನ ಕೈ ಹಿಡಿದು ಜಗ್ಗಿದ್ಲು, ಹೋಗೂಣು ನಡಿ ಅಂತ.

ಗಿರಿಯಮ್ಮ ಕೈ ಬಿಡಿಸಿಕೊಂಡು ಮುಂದ ಬಂದ್ಲು. "ಐದನೇ ಪಾಲು ಮ್ಯಾಲ ಕೊಡ್ತೀನಂದಿದ್ದಿ ಹುಸೇನಪ್ಪ. ಹೇಳಿದ್ದು ಆತು. ಈಗ ಮಾಡಿ ತೋರಸು." ಮಂದಿ ಕಡೆ ತಿರುಗಿದ್ಲು. "ಯಾರದಾದ್ರ ಹೋತ ಇದ್ರ ತರ್ರಿ."

ಯಾರೂ ಮಿಸುಕಲಿಲ್ಲ. ಕಡೀಕ ಮೂಲ್ಯಾಗ ಕುಂತಿದ್ದ ಮುದುಕಿ ಕಸ್ತೂರೆಮ್ಮ ಎದ್ಲು. "ನಂದು ತಗೊಳ್ರಿ. ನೀರು ಹಾಕಿದ್ರ ಅದೇನು ಸವೀತೈತೇನು" ಅಂತ ಗೂಟಕ್ಕ ಕಟ್ಟಿದ್ದ ಕರೀ ಹೋತ ಬಿಚ್ಚಿಕೊಂಡು ಬಂದ್ಲು.

ಗುಡಿ ಮುಂದ ಬ್ಯಾಡ ಅಂತ ಹುಸೇನಪ್ಪ ಅದನ್ನ ನಳದ ಹತ್ರ ಒಯ್ದ. ಬಿಸಲಿಗೆ ಕಾದ ತೊಟ್ಟಿ ನೀರು ಗಿರಿಯಮ್ಮನೇ ಕೊಡದಾಗ ತುಂಬಿದ್ಲು. ಅವ ಮೊಣಕಾಲು ಊರಿ, ಎಡಗೈಲೆ ಎರಡೂ ಕಿವಿ ಮಡಚಿ ಹಿಡಿದ. ಕೈಗೆ ಎಲ್ಲಾ ನೆನಪಿತ್ತು. ಗಿರಿಯಮ್ಮ ಬೆನ್ನಿನ ಮ್ಯಾಲ ಮೆಲ್ಲಕ ನೀರು ಬಿಟ್ಟಳು. ಒಂದು ಕೊಡ ಆತು. ಎರಡಾತು. ಮೂರನೇದೂ ಮುಗೀತು. ಹೋತ ಕಣ್ಣು ಪಿಳಿಪಿಳಿ ಮಾಡಿಕೋತ ಸುಮ್ಮನ ನಿಂತಿತ್ತು. ಕಟ್ಟಿ ಮ್ಯಾಲಿನವರೆಲ್ಲಾ ಇಳಿದು ಬಂದು ಸುತ್ತ ನಿಂತಿದ್ರು.

"ಈಗ ಬಿಡು" ಅಂದ್ಲು ಗಿರಿಯಮ್ಮ.

ಹುಸೇನಪ್ಪ ಕೈ ಬಿಟ್ಟ. ಹೋತ ಎರಡು ಹೆಜ್ಜಿ ಮುಂದ ಹೋತು, ಕಿವಿ ಬಡೀತು, ತಲಿಯಿಂದ ಬಾಲದ ತನಕ ಒಮ್ಮೆ ಜೋರಾಗಿ ಮೈ ಝಾಡಿಸ್ತು. ಮುಂದ ನಿಂತವರ ಮಾರಿ, ಅಂಗಿ, ಗಿರಿಯಮ್ಮನ ಸೀರಿ ಎಲ್ಲಾ ತೊಯ್ದು ಹೋದವು.

ಗಿರಿಯಮ್ಮ ತೊಯ್ದ ಸೆರಗು ಹಿಡಕೊಂಡು ಅಲ್ಲೇ ನೆಲಕ್ಕ ಕುಂತುಬಿಟ್ಲು. "ನಾ ನೋಡಿದ್ದೆ" ಅಂದ್ಲು. "ಅವತ್ತು ಇವ ಹೋತ ಎಳಕೊಂಡು ಈ ಬೇವಿನ ಗಿಡದ ಹಿಂದ ಹೋದ. ಕೈ ಬಿಟ್ಟ ಕೂಡ್ಲೇ ಅದು ಹಿಂಗೇ ಝಾಡಿಸ್ತು. ನೀವೆಲ್ಲಾ ಬೆನ್ನು ತಿರುವಿದ್ರಿ. ನಾ ಒಬ್ಬಾಕೀನೇ ನೋಡಿದ್ದೆ. ಯಾರಿಗೆ ಹೇಳ್ಲಿ? ಎಷ್ಟು ವರ್ಷ ಆದ ಮ್ಯಾಲ ನನಗೇ ಅನುಮಾನ ಬಂತು. ಸಂಕಟದಾಗ ಸುಳ್ಳೇ ಕಂಡಿರಬೇಕು, ಗಂಡನ್ನ ಖರೇನೇ ನಾನೇ ತಿಂದಿರಬೇಕು ಅಂತ." ಅಷ್ಟು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ದನಿ ತೆಗೆದು ಅತ್ತಳು. ನಂದಿನಿ ಅವ್ವನ್ನ ತಬ್ಬಿಕೊಂಡ್ಲು. ಅವ್ವ ಅತ್ತದ್ದನ್ನ ಆಕಿ ಹುಟ್ಟಿದಾಗಿಂದ ನೋಡಿರಲಿಲ್ಲ.

ಬಸ್ಸಪ್ಪ ಎದ್ದು ಬಡಗಿ ಊರಿಕೋತ ಮನಿ ಹಾದಿ ಹಿಡಿದ. ಯಾರೂ ಅವನ ಹಿಂದ ಹೋಗಲಿಲ್ಲ. ಯಾರೂ ಹುಸೇನಪ್ಪನ ಮ್ಯಾಲ ಕೈ ಮಾಡಲಿಲ್ಲ, ಶಾಬಾಸ್ ಅಂತಾನೂ ಅನ್ನಲಿಲ್ಲ. ಒಬ್ಬ ಮಾತ್ರ ಅವನ ಕಾಲ ಹತ್ರ ಉಗುಳಿ ಹೋದ. ಅಣ್ಣನ ಮಗ ದೂರ ನಿಂತು ನೋಡಾಕತ್ತಿದ್ದ, ಹತ್ರ ಬರಲಿಲ್ಲ.

ಹುಸೇನಪ್ಪ ಗಿರಿಯಮ್ಮನ ಮುಂದ ಕೆಸರಾಗ ಕುಂತ. "ಯವ್ವಾ, ಮಾಫಿ ಮಾಡು ಅಂತ ಕೇಳಾಕ ನನಗ ಬಾಯಿಲ್ಲ" ಅಂದ.

ಗಿರಿಯಮ್ಮ ಮಾರಿ ಒರೆಸಿಕೊಂಡ್ಲು. ಭಾಳೊತ್ತು ಅವನ ಕೈಯನ್ನೇ ನೋಡಿದ್ಲು, ಆ ಎಡಗೈಯನ್ನ. ಆಮ್ಯಾಲ ಬಗಲಾಗಿನ ಗಂಟು ಬಿಚ್ಚಿದ್ಲು. ಒಳಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

"ಮಾಫಿ ಗೀಫಿ ನನಗ ಗೊತ್ತಿಲ್ಲ ಹುಸೇನಪ್ಪ. ಅದನ್ನ ನಿಮ್ಮ ದೇವರ ಹತ್ರ ಕೇಳ್ಕೋ" ಅಂದ್ಲು. "ಮಾರಿ ಬಾಡೈತಿ. ಬೆಳಿಗ್ಗಿಂದ ಏನೂ ತಿಂದಂಗಿಲ್ಲ ನೀ."

ಒಂದು ರೊಟ್ಟಿ ಮುರಿದು ಮುಂದ ಹಿಡಿದ್ಲು. ಇಡೀ ಊರು ನೋಡಾಕತ್ತಿತ್ತು. ಹುಸೇನಪ್ಪ ಎರಡೂ ಕೈ ಒಡ್ಡಿ ಇಸ್ಗೊಂಡು ತಿಂದ.